ಎರಡು ಒಲೆ, ಒಂದು ಮೀಟರ್

ನಮ್ಮ ರಾಜ್ಯದ ಕರೆಂಟು ಬಿಲ್ಲುಗಳ ಮೇಲೆ ಆರ್.ಆರ್. ಸಂಖ್ಯೆ ಎಂದೊಂದು ಇರುತ್ತದೆ. ಬಿಲ್ಲು ಕಟ್ಟಿ ಕಟ್ಟಿ ಅದು ಬಾಯಿಪಾಠವಾಗಿರುವವರಲ್ಲೂ ಆ ಎರಡು ಅಕ್ಷರಗಳ ಅರ್ಥ ಬಲ್ಲವರು ಕಡಿಮೆ. ರೆವಿನ್ಯೂ ರಿಜಿಸ್ಟರ್, ಅಂದರೆ ಕಂದಾಯದ ಪುಸ್ತಕ. ಹೊಲಕ್ಕೆ ಸರ್ವೆ ನಂಬರ್ ಇದ್ದ ಹಾಗೆ ಮನೆಯ ಬೆಳಕಿಗೂ ಒಂದು ನಂಬರ್. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು, ಹಿಂದಿನ ರೀಡಿಂಗ್ ಎಷ್ಟು, ಈಗಿನದೆಷ್ಟು, ಬಾಕಿ ಎಷ್ಟು ಎಂಬುದೆಲ್ಲ ಇರುತ್ತದೆ. ಆ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ, ಎಷ್ಟು ಜನ ಮೀಯುತ್ತಾರೆ ಎಂಬುದಕ್ಕೆ ಮಾತ್ರ ಕಲಂ ಇಲ್ಲ. ಈ ಇಲ್ಲದ ಕಲಂ ಬಗ್ಗೆ ಒಂದಿಷ್ಟು ಹೇಳಬೇಕಾಗಿದೆ.

ಕೂಡುಕುಟುಂಬಗಳು ಯಾಕೆ ಒಡೆದವು ಎಂದು ಕೇಳಿದರೆ ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಒಂದು ಪಟ್ಟಿ ಒಪ್ಪಿಸುತ್ತೇವೆ: ಇಂಗ್ಲಿಷ್ ಓದು, ಪೇಟೆಯ ನೌಕರಿ, ಭೂಸುಧಾರಣೆ, ಆಸ್ತಿಯ ಕಾನೂನು. ಕಾದಂಬರಿಕಾರರು ಇದಕ್ಕೆ ವಾರಗಿತ್ತಿಯರ ಜಗಳವನ್ನು ಸೇರಿಸುತ್ತಾರೆ. ಮನೆಗಳ ಹಳೆಯ ಲೆಕ್ಕಪುಸ್ತಕಗಳನ್ನು ಓದುವುದೇ ನನ್ನ ಪಿಎಚ್.ಡಿ.ಯ ಕೆಲಸವಾದ್ದರಿಂದ, ಈ ಪಟ್ಟಿಯಲ್ಲಿ ಉರುವಲು ಮತ್ತು ಬೆಳಕಿನ ಖರ್ಚಿಗೂ ಒಂದು ಜಾಗ ಬೇಕು ಎಂದು ನನಗೆ ಬರಬರುತ್ತಾ ಅನ್ನಿಸತೊಡಗಿದೆ. ದೊಡ್ಡ ಮನೆಗೆ ಅನುಕೂಲವಾಗಿದ್ದ ಲೆಕ್ಕವೊಂದು ಸುಮಾರು ನೂರು ವರ್ಷಗಳಲ್ಲಿ ದೊಡ್ಡ ಮನೆಗೇ ತಿರುಗಿಬಿದ್ದ ಕಥೆ ಅದು.

ಕುಟುಂಬವನ್ನು ನಾವು ಎಣಿಸುತ್ತಿದ್ದದ್ದೇ ಒಲೆಯಿಂದ. ಅಣ್ಣತಮ್ಮಂದಿರು ಬೇರೆಯಾದರು ಅನ್ನುವುದಕ್ಕೆ ಹಳ್ಳಿಗಳಲ್ಲಿ ಈಗಲೂ 'ಒಲೆ ಬೇರೆ ಆಯ್ತು' ಅನ್ನುತ್ತಾರೆ. ಇರಾವತಿ ಕರ್ವೆ ಭಾರತದ ಬಂಧುತ್ವ ವ್ಯವಸ್ಥೆಯ ಕುರಿತು 1953ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೂಡುಕುಟುಂಬವನ್ನು ಗುರುತಿಸಿದ್ದು ಒಂದೇ ಸೂರು, ಒಂದೇ ಒಲೆಯ ಅನ್ನ, ಕೂಡಿದ ಆಸ್ತಿ ಇವುಗಳಿಂದ. ಜನಗಣತಿಯವರಿಗೂ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಇದೇ ನಾಡಿನಲ್ಲಿ ಕುಳಿತು ಬರೆದ ಮಿತಾಕ್ಷರವನ್ನು ಹಿಡಿದುಕೊಂಡು ವಾದಿಸಿದ ಕೋರ್ಟುಗಳು ಮಾತ್ರ ಕೊಂಚ ಎಚ್ಚರದಿಂದ ಇದ್ದವು. ಅಡುಗೆ ಬೇರೆ ಮಾಡಿಕೊಂಡ ಮಾತ್ರಕ್ಕೆ ಆಸ್ತಿ ಭಾಗವಾಯಿತು ಎನ್ನಲಾಗದು, ಅದು ಒಂದು ಸೂಚನೆ ಅಷ್ಟೆ ಎಂದವು. ಆದಾಯ ತೆರಿಗೆಯ ಕಾನೂನು ಇವತ್ತಿಗೂ ಅವಿಭಕ್ತ ಹಿಂದೂ ಕುಟುಂಬವನ್ನು ಒಬ್ಬ 'ವ್ಯಕ್ತಿ' ಎಂದೇ ಒಪ್ಪುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಗ್ಯಾಸಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಸೌದೆಯ ಕಾಲದಲ್ಲಿ ಮನೆ ದೊಡ್ಡದಿದ್ದಷ್ಟೂ ಲಾಭ. ಮೂವರಿಗೆ ಮುದ್ದೆ ಮಾಡಲು ಹೊತ್ತಿಸಿದ ಒಲೆಗೂ ಹತ್ತು ಜನರಿಗೆ ಹೊತ್ತಿಸಿದ ಒಲೆಗೂ ಸೌದೆಯಲ್ಲಿ ಮೂರು ಪಟ್ಟು ವ್ಯತ್ಯಾಸ ಬರುವುದಿಲ್ಲ. ಅನ್ನದ ಒಲೆಯ ಪಕ್ಕದ ಕೋಡೊಲೆಯಲ್ಲಿ ಸಾರು ಬೇಯುತ್ತದೆ, ಕೆಂಡದ ಮೇಲೆ ಹಾಲು ಕಾಯುತ್ತದೆ, ಬೂದಿಯಲ್ಲಿ ಗೆಣಸು ಸುಡುತ್ತದೆ. ಬಚ್ಚಲ ಹಂಡೆ ಒಮ್ಮೆ ಕಾದರೆ ಮನೆಮಂದಿಯೆಲ್ಲ ಸಾಲಾಗಿ ಮಿಂದು ಬರಬಹುದು. ಲೆಕ್ಕವೂ ವರ್ಷದ ಲೆಕ್ಕ. ಮುಂಗಾರು ಹಿಡಿಯುವ ಮುಂಚೆ ಸೌದೆ ಒಡೆಸಿ ಒಟ್ಟಿಲು ಹಾಕಿದರೆ ದೀಪಾವಳಿಯವರೆಗೆ ಚಿಂತೆಯಿಲ್ಲ. ಪೇಟೆಯವರಾದರೆ ಸೌದೆ ಡಿಪೋದಲ್ಲಿ ಮಣದ ಲೆಕ್ಕದಲ್ಲಿ ತೂಗಿಸಿ ಗಾಡಿಯಲ್ಲಿ ಹೇರಿಸಿಕೊಂಡು ಬರುತ್ತಿದ್ದರು.

ಆದರೆ ನಾನು ನೋಡಿದ ಹಳ್ಳಿಮನೆಗಳ ಲೆಕ್ಕಪುಸ್ತಕಗಳಲ್ಲಿ ಸೌದೆಯ ಬಾಬ್ತು ಸಿಗುವುದೇ ಅಪರೂಪ. ಸಿಕ್ಕರೆ ಮದುವೆ, ತಿಥಿಗಳ ಪಟ್ಟಿಯಲ್ಲಿ ಮಾತ್ರ. ಇದಕ್ಕೆ ವಿವರಣೆ ಸಿಕ್ಕಿದ್ದು ಚರಿತ್ರೆಯ ಪುಸ್ತಕದಲ್ಲಲ್ಲ, ವಿಜ್ಞಾನಿಗಳ ಸಮೀಕ್ಷೆಯೊಂದರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಎಂಬ ಗುಂಪು ಆ ದಶಕದ ಕೊನೆಯ ಹೊತ್ತಿಗೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಶಕ್ತಿಯ ಲೆಕ್ಕ ಹಾಕಿತು. ಪುರದಲ್ಲಿ ಆಗ 56 ಮನೆ, 357 ಜನ. ಊರು ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಆ ಸೌದೆಯಲ್ಲಿ ಬಹುಪಾಲು ಕೊಂಡದ್ದಲ್ಲ, ಆಯ್ದು ತಂದದ್ದು. ದಿನದ ಎಷ್ಟೋ ಗಂಟೆಗಳು ಅದಕ್ಕೆ ಹೋಗುತ್ತಿದ್ದವು, ಮತ್ತು ಅದರಲ್ಲಿ ಹೆಂಗಸರ, ಮಕ್ಕಳ ಪಾಲು ದೊಡ್ಡದು. ಲೆಕ್ಕ ಬರೆಯುತ್ತಿದ್ದವರು ಯಜಮಾನರು. ದುಡ್ಡು ಕೊಡದೆ ಬಂದ ವಸ್ತುವಿಗೆ ಅವರ ಪುಸ್ತಕದಲ್ಲಿ ಸಾಲು ಇರಲಿಲ್ಲ. ಸೌದೆ ಪುಕ್ಕಟೆ ಎಂಬ ಮಾತಿನ ಹಿಂದಿದ್ದದ್ದು ಆಯ್ದು ತಂದವರ ತಲೆಹೊರೆ. ಆದ್ದರಿಂದ ಕೂಡುಕುಟುಂಬದ ಒಲೆಯನ್ನು ಹಾಡಿ ಹೊಗಳುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ.

ಬೆಳಕಿನದು ಬೇರೆ ದಾರಿ. ತೆಲ್ಲಿಗರು ಗಾಣಕ್ಕಿಷ್ಟು ಎಣ್ಣೆ ಎಂದು ದೇವಸ್ಥಾನದ ನಂದಾದೀವಿಗೆಗೆ ಬಿಟ್ಟ ದತ್ತಿಗಳು ಶಾಸನಗಳಲ್ಲಿ ಬೇಕಾದಷ್ಟಿವೆ. ಮನೆಯ ದೀಪದ ಎಣ್ಣೆಯನ್ನು ಕಲ್ಲಿನ ಮೇಲೆ ಯಾರೂ ಕೊರೆಸಲಿಲ್ಲ. ಸೀಮೆಎಣ್ಣೆ ಬಂದಮೇಲೆ ಬೆಳಕು ಅಂಗಡಿಯ ಸಾಮಾನಾಯಿತು, ಲೆಕ್ಕಕ್ಕೆ ಬಂತು. ಆದರೂ ಅದು ಹಂಚಿಕೊಳ್ಳುವ ಬೆಳಕೇ ಆಗಿತ್ತು. ಒಂದು ಲಾಟೀನಿನ ಸುತ್ತ ಆರು ಮಕ್ಕಳು ಓದುತ್ತಿದ್ದರು, ಅಡುಗೆಮನೆಗೊಂದು ಬುಡ್ಡಿ, ಕೊಟ್ಟಿಗೆಗೆ ಹೋಗುವವರು ಅದನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬಂದದ್ದು ಬೆಂಗಳೂರಿಗೆ. ಮನೆಗಳಿಗೆ, ಅದರಲ್ಲೂ ಹಳ್ಳಿಯ ಮನೆಗಳಿಗೆ, ಅದು ತಲುಪಲು ಇನ್ನೂ ದಶಕಗಳು ಹಿಡಿದವು. ಬಂದಮೇಲೆ ಕೋಣೆಗೊಂದು ಬಲ್ಬು ಬಂತು. ಒಂದು ಬೆಳಕಿನಡಿ ಕೂರಬೇಕಾದ ಅಗತ್ಯ ತಪ್ಪಿತು. ಬೆಳಕು ಹರಿದು ಹಂಚಿಹೋಯಿತು, ಮೀಟರ್ ಮಾತ್ರ ಪಡಸಾಲೆಯಲ್ಲಿ ಒಂದೇ.

ಹಳೇ ಬೆಂಗಳೂರಿನವರಿಗೆ ಎ.ಇ.ಎಚ್. ಎಂಬ ಮೂರಕ್ಷರ ಗೊತ್ತಿರಬಹುದು. ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುವ ಮನೆ ಎಂದು ಅದರರ್ಥ. ದೀಪಕ್ಕೊಂದು, ನೀರು ಕಾಯಿಸುವುದಕ್ಕೊಂದು ಎಂದು ಬೇರೆಬೇರೆ ಮೀಟರುಗಳಿದ್ದ ಕಾಲದಲ್ಲಿ ಹುಟ್ಟಿದ ವರ್ಗ ಅದು. ಕೆಲವು ಆರ್.ಆರ್. ಸಂಖ್ಯೆಗಳ ನಡುವೆ ಆ ಅಕ್ಷರಗಳು ಇಂದಿಗೂ ಉಳಿದುಕೊಂಡಿವೆ. ಜಲವಿದ್ಯುತ್ತು ಧಾರಾಳವಾಗಿದ್ದಾಗಿನ ಧೈರ್ಯ ಆ ಹೆಸರಿನಲ್ಲಿ ಕಾಣುತ್ತದೆ. ಆಮೇಲೆ ಮಳೆ ಕೈಕೊಟ್ಟ ವರ್ಷಗಳು, ಪವರ್ ಕಟ್, ಎಲ್ಲ ಬಂದವು. ಹೆಚ್ಚು ಬಳಸುವವರಿಗೆ ಹೆಚ್ಚು ದರ ಎಂಬ ಮೆಟ್ಟಿಲಿನ ಪದ್ಧತಿ ಗಟ್ಟಿಯಾಯಿತು. ಇದರ ಹಿಂದಿನ ನ್ಯಾಯ ಒಪ್ಪುವಂಥದ್ದೇ. ಬಡವರು ಕಡಿಮೆ ಬಳಸುತ್ತಾರೆ, ಸ್ಥಿತಿವಂತರು ಹೆಚ್ಚು ಬಳಸುತ್ತಾರೆ, ಅವರಿಂದ ತೆಗೆದು ಇವರಿಗೆ ಕೊಡೋಣ. ಆದರೆ ಮೀಟರಿಗೆ ಕಾಣುವುದು ಯೂನಿಟ್ಟು ಮಾತ್ರ. ಏರ್ ಕಂಡೀಷನರ್ ಹಾಕಿಕೊಂಡ ದಂಪತಿಯೂ, ಹನ್ನೊಂದು ಜನ ಒಂದು ಫ್ರಿಜ್ಜು, ಒಂದು ಮಿಕ್ಸಿ ಹಂಚಿಕೊಂಡ ಮನೆಯೂ ಅದರ ಕಣ್ಣಿಗೆ ಒಂದೇ.

ಈ ಕುರುಡುತನ ಎಷ್ಟು ದುಬಾರಿ ಎನ್ನುವುದಕ್ಕೆ 2023ರ ದರ ಒಳ್ಳೆಯ ಉದಾಹರಣೆ. ಆ ವರ್ಷ ಬೆಂಗಳೂರಿನ ಮನೆಗಳಿಗೆ 100 ಯೂನಿಟ್‌ವರೆಗೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ. ಬಳಕೆ 100 ದಾಟಿದರೆ ದಾಟಿದ ಯೂನಿಟ್ಟುಗಳಿಗೆ ಮಾತ್ರವಲ್ಲ, ಮೊದಲಿನಿಂದ ಎಲ್ಲಕ್ಕೂ 7 ರೂಪಾಯಿ. ಸ್ಥಿರ ಶುಲ್ಕ, ತೆರಿಗೆ ಬಿಟ್ಟು ಲೆಕ್ಕ ಹಾಕಿ: 100 ಯೂನಿಟ್ಟಿಗೆ 475 ರೂಪಾಯಿ, 101ಕ್ಕೆ 707. ಕೊನೆಯ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ! ಒಂದು ಮೀಟರಿನಲ್ಲಿ 180 ಯೂನಿಟ್ ಸುಡುವ ಕೂಡುಮನೆ 1,260 ಕೊಟ್ಟರೆ, ಅದೇ ಜನ ಅದೇ ದೀಪಗಳನ್ನು ತಲಾ 90ರಂತೆ ಎರಡು ಮೀಟರಿನಲ್ಲಿ ಉರಿಸಿದರೆ 855. ಕೂಡಿ ಬಾಳಿದ್ದಕ್ಕೆ ತಿಂಗಳಿಗೆ 405 ರೂಪಾಯಿ ದಂಡ. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್ಟಿಗೂ 5 ರೂಪಾಯಿ 90 ಪೈಸೆಯ ಒಂದೇ ದರ ಬಂದು ಈ ವಿಚಿತ್ರ ತಪ್ಪಿತು.

ಗ್ಯಾಸಿಗೆ ಬರೋಣ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ, ಸಂಸದರ ಕೋಟಾದ ಕೂಪನ್‌ಗಾಗಿ ಅಲೆಯುತ್ತಿದ್ದ ದಿನಗಳನ್ನು ಹಿರಿಯರಿಂದ ಕೇಳಿಯೇ ತಿಳಿಯಬೇಕು. ಸಿಲಿಂಡರ್ ಬಂದಮೇಲೆ ಅಡುಗೆಯ ಉರುವಲಿಗೆ ಮೊದಲ ಬಾರಿಗೆ ಒಂದು ಬೆಲೆ, ಒಂದು ದಿನಾಂಕ ಬಂತು. ಸಿಲಿಂಡರ್ ಹಚ್ಚಿದ ದಿನವನ್ನು ಕ್ಯಾಲೆಂಡರಿನಲ್ಲೋ ಅಡುಗೆಮನೆಯ ಗೋಡೆಯ ಮೇಲೋ ಪೆನ್ಸಿಲಿನಲ್ಲಿ ಗುರುತು ಹಾಕುವ ರೂಢಿ ಎಷ್ಟು ಮನೆಗಳಲ್ಲಿ ಇದೆ ಎಂದು ನೋಡಿ. ಸುಣ್ಣ ಬಳಿದಾಗ ಅಳಿಸಿಹೋಗುವ ಈ ದಾಖಲೆ ಹೆಂಗಸರ ಕೈಬರಹದ್ದು ಎಂಬ ಕಾರಣಕ್ಕೆ ನನಗೆ ಮುಖ್ಯ. ಹೊರೆ ಸೌದೆ ಎಷ್ಟು ದಿನ ಬಂತೆಂದು ಕೇಳದಿದ್ದ ಮನೆಯಲ್ಲಿ 'ಈ ಸಲ ಇಪ್ಪತ್ತೇ ದಿನಕ್ಕೆ ಮುಗೀತಲ್ಲ' ಎಂಬ ಮಾತು ಹುಟ್ಟಿತು. ಆ ಮಾತು ಬೀಳುತ್ತಿದ್ದದ್ದು ಬಹುತೇಕ ಕಿರಿ ಸೊಸೆಯ ಮೇಲೆ.

2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸಬ್ಸಿಡಿ ದರದ ಸಿಲಿಂಡರುಗಳನ್ನು ಮನೆಗೆ ವರ್ಷಕ್ಕೆ 6 ಎಂದು ಮಿತಿಗೊಳಿಸಿತು. 2013ರ ಜನವರಿಯಲ್ಲಿ ಅದು 9 ಆಯಿತು, ಮುಂದಿನ ವರ್ಷ 12. 14.2 ಕಿಲೋದ 6 ಸಿಲಿಂಡರ್ ಎಂದರೆ 85 ಕಿಲೋ ಚಿಲ್ಲರೆ ಅನಿಲ. ನಾಲ್ವರ ಮನೆಯಲ್ಲಿ ತಲೆಗೆ 21 ಕಿಲೋ, ಹನ್ನೊಂದು ಜನರ ಮನೆಯಲ್ಲಿ ಎಂಟು ಕಿಲೋಗೂ ಕಡಿಮೆ. ಅದಕ್ಕೂ ಮಿಗಿಲಾಗಿ, ಗ್ಯಾಸಿನ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಅವಲಂಬಿತ ತಂದೆತಾಯಿ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಅಣ್ಣತಮ್ಮಂದಿರು ಅದರಲ್ಲಿಲ್ಲ. ತೆರಿಗೆಗೆ ಒಂದಾಗಿ ಕಂಡ ಮನೆ ಗ್ಯಾಸಿಗೆ ಎರಡು, ಮೂರು. ಆದರೆ ಎರಡನೆಯ ಸಂಪರ್ಕ ಬೇಕಾದರೆ ಅಡುಗೆಮನೆ ಬೇರೆ ಇರಬೇಕು.

ಮಂಡ್ಯ ಜಿಲ್ಲೆಯ ನಮ್ಮ ತೊಟ್ಟಿಮನೆಯಲ್ಲಿ ಆಗ ಹನ್ನೊಂದು ಜನ. ಹಳೇ ಸೌದೆ ಕೊಟ್ಟಿಗೆಯನ್ನು ಗುಡಿಸಿ, ಕಡಪ ಕಲ್ಲು ಹಾಕಿಸಿ, ಒಂದು ಸ್ಟವ್ ಇಟ್ಟು ಚಿಕ್ಕಪ್ಪನ ಹೆಸರಿನಲ್ಲಿ ಇನ್ನೊಂದು ಸಂಪರ್ಕ ತೆಗೆಸಿದರು. 'ಪುಸ್ತಕಕ್ಕೆ ಮಾತ್ರ ಬೇರೆ ಕಣಮ್ಮಾ' ಎಂದು ದೊಡ್ಡಪ್ಪ ಅಜ್ಜಿಗೆ ಸಮಾಧಾನ ಹೇಳಿದ್ದರು. ಮೊದಲು ಅಲ್ಲಿ ನೆಂಟರು ಬಂದಾಗ ಪಾಯಸ ಕಾಯಿಸುತ್ತಿದ್ದರು. ಆಮೇಲೆ ಚಿಕ್ಕಮ್ಮನ ಬೆಳಗಿನ ಕಾಫಿ ಅಲ್ಲಿಗೆ ಹೋಯಿತು, ಮಕ್ಕಳ ತಿಂಡಿ ಹೋಯಿತು. ಎರಡು ವರ್ಷದೊಳಗೆ ರಾತ್ರಿಯ ಸಾರು ಎರಡಾಗಿತ್ತು. ಜಗಳವಾಗಲಿಲ್ಲ. ಇಲ್ಲಿ ಸಿಲಿಂಡರ್ ಎಷ್ಟು ದಿನ ಬಂತು ಎಂದು ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂದು ಚಿಕ್ಕಮ್ಮ ನನ್ನೊಡನೆ ಹೇಳಿದ್ದುಂಟು. ಅಜ್ಜಿ ಮಾತ್ರ ಕೊನೆಯವರೆಗೆ ಎರಡೂ ಕಡೆ ಒಂದೊಂದು ತುತ್ತು ಉಣ್ಣುತ್ತಿದ್ದರು. 2020ರ ನಂತರ ಸಾಮಾನ್ಯ ಗ್ರಾಹಕರ ಖಾತೆಗೆ ಸಬ್ಸಿಡಿ ಬೀಳುವುದೇ ಬಹುಮಟ್ಟಿಗೆ ನಿಂತುಹೋಯಿತು. ಯಾವ ಉಳಿತಾಯಕ್ಕೆಂದು ಒಲೆ ಎರಡಾಯಿತೋ ಆ ಉಳಿತಾಯ ಈಗ ಇಲ್ಲ. ಒಲೆ ಎರಡೇ ಇವೆ.

ಕರೆಂಟು ಮಾತ್ರ ಇನ್ನೂ ಒಂದೇ ಆರ್.ಆರ್. ಸಂಖ್ಯೆಯಲ್ಲಿದೆ. 2023ರ ಗೃಹಜ್ಯೋತಿ ಯೋಜನೆ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ ಮಾಡಿತು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನಮ್ಮ ಸರಾಸರಿ 180ರ ಆಸುಪಾಸು. ಹೊಸ ಸಂಪರ್ಕಕ್ಕೆ 53 ಯೂನಿಟ್, ಮೇಲೆ ಶೇ. 10 ಸಿಗುತ್ತದೆಂದು ತಿಳಿದಾಗ ಚಿಕ್ಕಪ್ಪ ಎರಡನೇ ಮೀಟರಿನ ಮಾತೆತ್ತಿದರು. ಅದಕ್ಕೆ ಮನೆಯ ಭಾಗದ ದಾಖಲೆ ಬೇಕು, ದಾಖಲೆ ಎಂದರೆ ಪಾಲುಪಟ್ಟಿ. ಆ ಪದ ಬಂದೊಡನೆ ದೊಡ್ಡಪ್ಪ ಎದ್ದು ತೋಟದ ಕಡೆ ಹೋದರು. ಮಾತು ಅಲ್ಲಿಗೇ ನಿಂತಿದೆ.

ಈಗ ತಿಂಗಳ ಲೆಕ್ಕ ದೊಡ್ಡಮ್ಮನದು. ಹದಿನೈದನೇ ದಿನಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ ಮೀಟರಿನ ಫೋಟೋ ತೆಗೆಸುತ್ತಾರೆ. 200ರ ಅಂಚಿನಲ್ಲಿರುವ ಮನೆಗೆ 201ನೇ ಯೂನಿಟ್ಟಿನ ಬೆಲೆ ಸಾವಿರ ರೂಪಾಯಿಗೂ ಹೆಚ್ಚು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋದ ವರ್ಷ ನನ್ನ ಅಕ್ಕ ಬಾಣಂತನಕ್ಕೆ ಬಂದಿದ್ದಾಗ ಗೀಸರಿನ ಸ್ವಿಚ್ಚಿಗೆ ಟೇಪು ಸುತ್ತಿದರು. ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹತ್ತು ವರ್ಷದಿಂದ ತಣ್ಣಗಿದ್ದ ಒಲೆ ಹಚ್ಚಿದರು. ಬಾಣಂತಿಗೂ ಮಗುವಿಗೂ ಮೂರು ತಿಂಗಳು ಅದರಲ್ಲೇ ನೀರು ಕಾಯಿತು, ಬಿಲ್ಲು ಸೊನ್ನೆಯಲ್ಲೇ ಉಳಿಯಿತು. ಒಲೆಗೆ ತೋಟದಿಂದ ತೆಂಗಿನ ಮಟ್ಟೆ, ಗರಿ ಹೊತ್ತು ತಂದವರು ಯಾರು ಎಂದು ಅಭ್ಯಾಸಬಲದಿಂದ ಕೇಳಿ ಬರೆದುಕೊಂಡೆ. ವಾರಕ್ಕೆ ಮೂರು ಹೊರೆ, ಚಿಕ್ಕಮ್ಮ.