ಗಣಕದ ಕುಲಗೋತ್ರ

ಬಳಸಿದ ಗಣಕವನ್ನು ಕೊಳ್ಳಲು ಹೊರಟವರಿಗೆ ತಿಳಿದವರು ಒಂದು ಸಲಹೆ ಕೊಡುತ್ತಾರೆ: ಮಾರುವವರ ಮಾತನ್ನು ಪಕ್ಕಕ್ಕಿಟ್ಟು ಯಂತ್ರವನ್ನೇ ಕೇಳಿ. ಕೀಲಿಮಣೆಯಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಸಾಕು, ಅದು ತನ್ನ ಪ್ರೊಸೆಸರ್, ಮೆಮೊರಿ, ಡಿಸ್ಕುಗಳ ವಿವರವನ್ನು ಒಪ್ಪಿಸುತ್ತದೆ. ಆದರೆ ವೀಕ್ಷಕ ಮಿತ್ರರೇ, ಆ ವಿವರವನ್ನು ಯಂತ್ರಕ್ಕೆ ಹೇಳಿಕೊಟ್ಟವರು ಯಾರು? ಈ ಪ್ರಶ್ನೆಗೆ ನಾಲ್ಕು ದಶಕಗಳ ಚರಿತ್ರೆಯಿದೆ.

1981ರಲ್ಲಿ ಬಂದ ಐಬಿಎಂ ಪಿಸಿಗೆ ತನ್ನ ಮೆಮೊರಿ ಎಷ್ಟೆಂದು ತಿಳಿಸುತ್ತಿದ್ದುದು ಮದರ್‌ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳು. ಅವು ಕಡಿಮೆ ತೋರಿಸಿದರೆ ಉಳಿದ ಮೆಮೊರಿ ಇದ್ದೂ ಇಲ್ಲದಂತೆ. ಡಾಸ್‌ನ ‘ಚೆಕ್‌ಡಿಸ್ಕ್’ ಆದೇಶ ಮುದ್ರಿಸುತ್ತಿದ್ದ ಮೆಮೊರಿಯ ಲೆಕ್ಕಕ್ಕೂ ಆ ಪಿಸಿಯಲ್ಲಿ ಈ ಸ್ವಿಚ್ಚುಗಳೇ ಆಧಾರ.

ಅಂದಿನ ಪ್ರೊಸೆಸರ್‌ಗೆ ತನ್ನ ಹೆಸರು ಹೇಳಲೂ ಬರುತ್ತಿರಲಿಲ್ಲ. ಹಾಗಾಗಿ ತಂತ್ರಾಂಶಗಳು ನಡತೆ ನೋಡಿ ಗುರುತು ಹಿಡಿಯುತ್ತಿದ್ದವು. ಪ್ರೊಸೆಸರ್‌ನ ಒಳಗಿರುವ ‘ಫ್ಲ್ಯಾಗ್ಸ್’ ಎಂಬ 16 ಬಿಟ್‌ಗಳ ಸಾಲಿನಲ್ಲಿ ಮೇಲ್ತುದಿಯ ಬಿಟ್‌ಗಳನ್ನು ಬದಲಿಸಲು ಯತ್ನಿಸುವುದು. ಏನು ಬರೆದರೂ ಅವು ಒಂದಾಗಿಯೇ ಉಳಿದರೆ ಅದು 8086, ಸೊನ್ನೆಯಾಗಿಯೇ ಉಳಿದರೆ 286, ಬದಲಾಗಲು ಒಪ್ಪಿದರೆ 386 ಅಥವಾ ಅನಂತರದ್ದು.

1993ರ ಪೆಂಟಿಯಂ ‘ಸಿಪಿಯುಐಡಿ’ ಎಂಬ ಸೂಚನೆಯನ್ನು ತಂದಿತು. ಕೇಳಿದರೆ ಚಿಪ್ ಇಂಗ್ಲಿಷಿನ 12 ಅಕ್ಷರಗಳಲ್ಲಿ ‘ಜೆನ್ಯುಯಿನ್‌ಇಂಟೆಲ್’, ಅಂದರೆ ಅಸಲಿ ಇಂಟೆಲ್ ಎನ್ನುತ್ತಿತ್ತು. ಎದುರಾಳಿ ಸೈರಿಕ್ಸ್ ತನ್ನ 12 ಅಕ್ಷರಗಳಲ್ಲಿ ‘ಸೈರಿಕ್ಸ್‌ಇನ್‌ಸ್ಟೆಡ್’, ಅಂದರೆ ‘ಅದರ ಬದಲು ಸೈರಿಕ್ಸ್’ ಎಂದು ಚುಚ್ಚಿತು.

ಹೆಸರೇನೋ ಬಂತು. ಆದರೆ ತಾನು ಎಷ್ಟು ವೇಗ ತಾಳಬಲ್ಲೆ ಎಂದು ಹೇಳಲು ಪೆಂಟಿಯಂಗೆ ತಿಳಿಯದು. ವೇಗವನ್ನು ಗೊತ್ತುಮಾಡುತ್ತಿದ್ದುದು ಮದರ್‌ಬೋರ್ಡಿನ ಜಂಪರ್‌ಗಳು. ಚಿಪ್‌ನ ಮೇಲಿನ ಮುದ್ರೆ ಉಜ್ಜಿ, ಹೆಚ್ಚಿನ ವೇಗದ ಅಂಕಿ ಒತ್ತಿ ಮಾರುವ ದಂಧೆಗೆ ಇದೇ ದಾರಿಯಾಯಿತು. ತೆರೆಯ ಮೇಲೆ ಕಾಣುತ್ತಿದ್ದುದು ಅದು ಓಡುತ್ತಿರುವ ವೇಗವೇ ಹೊರತು ಓಡಬೇಕಾದ ವೇಗವಲ್ಲ. ಬಿಸಿಯೇರಿ ಯಂತ್ರ ನಡುವೆಯೇ ನಿಂತಾಗಲಷ್ಟೇ ಕೊಂಡವರಿಗೆ ಅನುಮಾನ. 2000ದಲ್ಲಿ ಬಂದ ಪೆಂಟಿಯಂ 4 ತನ್ನ ಹೆಸರಿನ ಜೊತೆಗೆ ನಿಗದಿತ ವೇಗವನ್ನೂ ಹೇಳತೊಡಗಿತು.

ಇಂದು ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂದರೆ ಪ್ರೊಸೆಸರ್‌ನ ವಿವರ, ‘ಫ್ರೀ’ ಎಂದರೆ ಮೆಮೊರಿಯ ಲೆಕ್ಕ ಸಿಗುತ್ತದೆ. ‘ಡಿಎಂಐಡಿಕೋಡ್’ ಎಂಬ ಆದೇಶ ಮಾತ್ರ ತಯಾರಕರು ಬಯಾಸ್‌ನಲ್ಲಿ ಬರೆದಿಟ್ಟ ಪಟ್ಟಿಯನ್ನು ಓದಿ ಹೇಳುತ್ತದೆ. ಆ ಪಟ್ಟಿ ಎಷ್ಟೋ ಸಲ ತಪ್ಪಾಗಿರುತ್ತದೆ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ನಕಲಿ ಪೆನ್‌ಡ್ರೈವ್ ಕೂಡ ಹೀಗೆಯೇ. ಒಳಗಿರುವುದು 8 ಜಿಬಿಯಾದರೂ 64 ಎಂದು ಹೇಳುವಂತೆ ಅದಕ್ಕೆ ಕಲಿಸಿಡಬಹುದು. ಪೂರ್ತಿ ತುಂಬಿಸಿ, ತಿರುಗಿ ಓದಿದಾಗಲೇ ನಿಜ ಹೊರಬರುವುದು.

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಗಣಕಕ್ಕೂ ಸಲ್ಲುತ್ತದೆ. ಆದ್ದರಿಂದ ಹಣ ಕೊಡುವ ಮೊದಲು ಆದೇಶ ಕೊಟ್ಟು ಕೇಳಿ. ಆಮೇಲೆ ಒಂದು ಗಂಟೆ ಅದನ್ನು ಚೆನ್ನಾಗಿ ದುಡಿಸಿ ನೋಡಿ. ಹೆಸರು ಹೇಳಲಾರದ ಕಾಲದಲ್ಲಿ ಹುಟ್ಟಿದ ನಡತೆಯ ಪರೀಕ್ಷೆ ಈಗಲೂ ಕೆಲಸಕ್ಕೆ ಬರುತ್ತದೆ.