ಹಿಂಬದಿಯ ಹಾಡುಗಳು: ಒಯೇಸಿಸ್ ತಂಡದ ‘ದ ಮಾಸ್ಟರ್‌ಪ್ಲಾನ್’ ಮತ್ತು ವಿಮರ್ಶಕರು

ಗ್ರಾಮಫೋನ್ ತಟ್ಟೆಗೆ ಎರಡು ಮುಖಗಳಿದ್ದುದರಿಂದ, ‘ಸಿಂಗಲ್’ ಎಂಬ ಕಿರುಮುದ್ರಿಕೆಯ ಮುಂಬದಿಯಲ್ಲಿ ಜನಪ್ರಿಯವಾಗಲಿ ಎಂದು ಕಂಪನಿ ಬಯಸಿದ ಹಾಡನ್ನೂ ಹಿಂಬದಿಯಲ್ಲಿ ಅದಕ್ಕೆ ಜೊತೆಯಾಗಿ ಇನ್ನೊಂದನ್ನೂ ಅಚ್ಚೊತ್ತುವುದು ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ರೂಢಿಯಾಗಿ, ಆ ಎರಡನೆಯ ಹಾಡಿಗೆ ‘ಬಿ-ಸೈಡ್’ ಎಂಬ ಹೆಸರು ನಿಂತಿತು. ಸಿ.ಡಿ. ಬಂದು ತಟ್ಟೆಯ ಹಿಂಬದಿಯೇ ಇಲ್ಲವಾದ ಮೇಲೂ ಬ್ರಿಟನ್ನಿನಲ್ಲಿ ಈ ರೂಢಿ ಅಳಿಯಲಿಲ್ಲ. ಬದಲಿಗೆ, ಒಂದೊಂದು ಸಿಂಗಲ್‌ಗೆ ಎರಡು ಮೂರು ಹೆಚ್ಚುವರಿ ಹಾಡುಗಳನ್ನು ಹೊಂದಿಸಬೇಕಾಯಿತು.

ಮ್ಯಾಂಚೆಸ್ಟರಿನ ಒಯೇಸಿಸ್ ತಂಡದ ಗೀತಕಾರ ನೋಯೆಲ್ ಗ್ಯಾಲಘರ್ ಈ ಬೇಡಿಕೆಗೆ ತನ್ನ ಅತ್ಯುತ್ತಮ ರಚನೆಗಳನ್ನೇ ಸುರಿದುಬಿಟ್ಟನು. ತಂಡಕ್ಕೆ ಬ್ರಿಟಿಷ್ ಮಾರಾಟಪಟ್ಟಿಯಲ್ಲಿ ಮೊದಲ ಬಾರಿಗೆ ಅಗ್ರಸ್ಥಾನ ತಂದ 1995ರ ‘ಸಮ್ ಮೈಟ್ ಸೇ’ ಸಿಂಗಲ್‌ನ ಹಿಂದೆ, ಸೋದರರಾದ ಲಿಯಾಮ್ ಮತ್ತು ನೋಯೆಲ್ ಚರಣ, ಪಲ್ಲವಿಗಳನ್ನು ಹಂಚಿಕೊಂಡು ಹಾಡಿದ ‘ಅಕ್ವಿಯೆಸ್’ ಇತ್ತು. ಅದೇ ವರ್ಷದ ‘ವಂಡರ್‌ವಾಲ್’ನ ಹಿಂದೆ, ತಂತಿವಾದ್ಯಗಳ ಮೇಳದೊಡನೆ ಗಂಭೀರವಾಗಿ ಏರುವ ‘ದ ಮಾಸ್ಟರ್‌ಪ್ಲಾನ್’ ಇತ್ತು. ಇಂಥ ಹದಿನಾಲ್ಕು ಮುದ್ರಣಗಳನ್ನು ಆಯ್ದು, ಈ ಕೊನೆಯ ಹಾಡಿನ ಹೆಸರನ್ನೇ ಇಟ್ಟು, ಕ್ರಿಯೇಷನ್ ಕಂಪನಿ 1998ರ ನವೆಂಬರಿನಲ್ಲಿ ಆಲ್ಬಮ್ ಹೊರತಂದಾಗ ಅದು ಬ್ರಿಟಿಷ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ವಿಮರ್ಶಕರ ಸ್ವಾಗತವನ್ನು ಅರಿಯಬೇಕಾದರೆ ಅದಕ್ಕೆ ಹಿಂದಿನ ವರ್ಷದ ಪ್ರಸಂಗವನ್ನು ನೆನೆಯಬೇಕು. 1997ರ ಆಗಸ್ಟಿನಲ್ಲಿ ಬಂದ ‘ಬಿ ಹಿಯರ್ ನೌ’ ಎಂಬ ಮೂರನೆಯ ಆಲ್ಬಮನ್ನು ಬ್ರಿಟಿಷ್ ಪತ್ರಿಕೆಗಳು ಮೊದಲು ಅತ್ಯುತ್ಸಾಹದಿಂದ ಹೊಗಳಿದವು. ಆದರೆ ಎಪ್ಪತ್ತು ನಿಮಿಷ ಮೀರಿದ ಅದರ ಉದ್ದವೂ ಪದರದ ಮೇಲೆ ಪದರ ಹೇರಿದ ಗಿಟಾರ್ ನಾದವೂ ಬೇಗನೆ ಬೇಸರ ತರಿಸಿ, ಹೊಗಳಿಕೆ ನಿರಾಸೆಗೆ ತಿರುಗಿತು. ಹೀಗೆ ಮನಸ್ಸು ಕೆಟ್ಟಿದ್ದ ವಿಮರ್ಶಕರಿಗೆ ‘ದ ಮಾಸ್ಟರ್‌ಪ್ಲಾನ್’ ಬರಿಯ ಉಳಿಕೆಗಳ ಸಂಕಲನವಾಗಿ ಕಾಣದೆ, ತಂಡ ಮಾಡಬಹುದಾಗಿದ್ದೂ ಮಾಡದೆಹೋದ ಮೂರನೆಯ ಆಲ್ಬಮಿನಂತೆ ಕಂಡಿತು. ಬಿ-ಸೈಡ್‌ಗಳನ್ನು ಆಮದಾದ ದುಬಾರಿ ಸಿಂಗಲ್‌ಗಳಲ್ಲಿ ಹುಡುಕಬೇಕಾಗಿದ್ದ ಅಮೆರಿಕದ ಕೇಳುಗರಿಗಂತೂ ಇವುಗಳಲ್ಲಿ ಬಹುಪಾಲು ಹೊಸ ಹಾಡುಗಳೇ ಆಗಿದ್ದವು.

ಆ ಮೆಚ್ಚುಗೆ ಸಕಾರಣವೇ, ಆದರೂ ಪೂರ್ಣ ನ್ಯಾಯವಾದುದಲ್ಲ. ಬೀಟಲ್ಸ್ ತಂಡದ ‘ಐ ಆಮ್ ದ ವಾಲ್ರಸ್’ ಹಾಡಿನ ನೇರ ಪ್ರದರ್ಶನದ ಮುದ್ರಣವೂ ‘ದ ಸ್ವಾಂಪ್ ಸಾಂಗ್’ ಎಂಬ ವಾದ್ಯಕೃತಿಯೂ ಸಂಕಲನದ ಬಿಗಿಯನ್ನು ಸಡಿಲಿಸುತ್ತವೆ. ಇದಕ್ಕಿಂತ ಮುಖ್ಯವಾಗಿ, ನೋಯೆಲ್ ಒಳ್ಳೆಯ ಹಾಡುಗಳನ್ನು ಹಿಂಬದಿಗೆ ಹಾಕಿ ವ್ಯರ್ಥ ಮಾಡಿದನೆಂಬ ಆಕ್ಷೇಪ, ಆ ಹಾಡುಗಳು ಹುಟ್ಟಿದ ಬಗೆಯನ್ನು ಮರೆಯುತ್ತದೆ: ‘ಟಾಕ್ ಟುನೈಟ್’, ‘ಹಾಫ್ ದ ವರ್ಲ್ಡ್ ಅವೇ’ ಮುಂತಾದವುಗಳಲ್ಲಿ ನೋಯೆಲ್‌ನದೇ ತಗ್ಗಿದ ದನಿ ಮತ್ತು ಮಿತವಾದ ವಾದ್ಯಗಳು ಸಾಧ್ಯವಾದದ್ದು, ಆಲ್ಬಮಿನ ಭಾರವಾಗಲಿ ಗೆಲ್ಲಲೇಬೇಕೆಂಬ ಒತ್ತಡವಾಗಲಿ ಅವುಗಳ ಮೇಲೆ ಇರಲಿಲ್ಲವಾದ್ದರಿಂದ. ಇವುಗಳಲ್ಲಿ ‘ಹಾಫ್ ದ ವರ್ಲ್ಡ್ ಅವೇ’ 1998ರಲ್ಲಿ ಬಿ.ಬಿ.ಸಿ.ಯ ‘ದ ರಾಯ್ಲ್ ಫ್ಯಾಮಿಲಿ’ ಧಾರಾವಾಹಿಯ ಶೀರ್ಷಿಕೆಗೀತೆಯಾಗಿ ಮನೆಮನೆಗೂ ತಲುಪಿತು.

2006ರಲ್ಲಿ ‘ಸ್ಟಾಪ್ ದ ಕ್ಲಾಕ್ಸ್’ ಎಂಬ ಆಯ್ದ ಹಾಡುಗಳ ಸಂಗ್ರಹ ಸಿದ್ಧವಾದಾಗ, ಅದರ ಹದಿನೆಂಟು ಹಾಡುಗಳಲ್ಲಿ ‘ದ ಮಾಸ್ಟರ್‌ಪ್ಲಾನ್’ ಆಲ್ಬಮಿನ ನಾಲ್ಕು ಹಾಡುಗಳು ಸೇರಿದವು. ‘ಬಿ ಹಿಯರ್ ನೌ’ ಆಲ್ಬಮಿನಿಂದ ಒಂದೂ ಸೇರಲಿಲ್ಲ.