ಆರ್ಗುರೋಸ್: ಬಿಳುಪಿನಿಂದ ಬಂದ ಹೆಸರು

ಪ್ರಾಚೀನ ಗ್ರೀಕರು ಬೆಳ್ಳಿಯನ್ನು ‘ಆರ್ಗುರೋಸ್’ ಎಂದು ಕರೆದರು. ಬಿಳಿಯ, ಹೊಳೆಯುವ ಎಂಬ ಅರ್ಥದ ‘ಆರ್ಗೋಸ್’ ಎಂಬ ವಿಶೇಷಣಕ್ಕೂ ಈ ಪದಕ್ಕೂ ಮೂಲ ಒಂದೇ. ಗ್ರೀಕ್, ಲ್ಯಾಟಿನ್, ಸಂಸ್ಕೃತಗಳ ಪೂರ್ವರೂಪವೆಂದು ಭಾಷಾವಿಜ್ಞಾನಿಗಳು ತರ್ಕಿಸಿ ಕಟ್ಟಿರುವ ಮೂಲ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಹೊಳಪನ್ನು ಸೂಚಿಸುತ್ತಿದ್ದ ಧಾತುವೇ ಲ್ಯಾಟಿನ್ನಿನ ‘ಅರ್ಗೆಂಟುಮ್’, ಸಂಸ್ಕೃತದ ‘ರಜತ’, ‘ಅರ್ಜುನ’ ಎಂಬ ಪದಗಳಲ್ಲೂ ಉಳಿದಿದೆ. ಕನ್ನಡದ ‘ಬೆಳ್ಳಿ’ ಈ ಕುಲಕ್ಕೆ ಸೇರದ ದ್ರಾವಿಡ ಪದವಾದರೂ, ಅದು ಕೂಡ ಬಿಳುಪನ್ನು ಹೇಳುವ ‘ಬೆಳ್’ ಎಂಬ ಧಾತುವಿನಿಂದಲೇ ಹುಟ್ಟಿರುವುದು, ಎರಡು ಬೇರೆ ಭಾಷಾಕುಟುಂಬಗಳು ಒಂದು ಲೋಹವನ್ನು ಒಂದೇ ಕಣ್ಣಿನಿಂದ ನೋಡಿದವೆಂಬುದಕ್ಕೆ ಸೊಗಸಾದ ಸಾಕ್ಷಿ.

ಗ್ರೀಸಿನ ಪೈಲೋಸ್ ಅರಮನೆಯ ಮಣ್ಣಿನ ಫಲಕವೊಂದರಲ್ಲಿ, ಒಂದೊಂದು ಚಿಹ್ನೆಯೂ ಒಂದು ಉಚ್ಚಾರಾಂಶವನ್ನು ಸೂಚಿಸುವ ಲೀನಿಯರ್ ಬಿ ಲಿಪಿಯಲ್ಲಿ, ‘ಆರ್ಗುರೋಸ್’ ಪದ ‘ಅ-ಕು-ರೊ’ ಎಂದು ಕಾಣಿಸುವುದರಿಂದ, ಕ್ರಿ.ಪೂ. 1200ರ ಸುಮಾರಿಗಾಗಲೇ ಅದು ಬಳಕೆಯಲ್ಲಿತ್ತೆಂದು ತಿಳಿಯುತ್ತದೆ. ಮುಂದೆ ಅಥೆನ್ಸಿನವರು ಲಾರಿಯನ್ ಗಣಿಗಳ ಅದಿರಿನಿಂದ ಸೀಸವನ್ನು ಕಳೆದು ಪಡೆದ ಬೆಳ್ಳಿಯಲ್ಲಿ ನಾಣ್ಯಗಳನ್ನು ಟಂಕಿಸಿದರು. ‘ಆರ್ಗುರೋಸ್’ನಿಂದ ಸಾಧಿತವಾದ ‘ಆರ್ಗುರಿಯೋನ್’ ಗ್ರೀಕಿನಲ್ಲಿ ಬೆಳ್ಳಿನಾಣ್ಯಕ್ಕೂ, ಅದರಿಂದಾಚೆಗೆ ಒಟ್ಟಾರೆ ಹಣಕ್ಕೂ ಹೆಸರಾಯಿತು. ಪಾದರಸಕ್ಕೆ ಗ್ರೀಕರಿಟ್ಟ ‘ಹುದ್ರಾರ್ಗುರೋಸ್’, ಅಂದರೆ ನೀರಿನಂಥ ಬೆಳ್ಳಿ, ಎಂಬ ಹೆಸರು ಲ್ಯಾಟಿನ್ನಿನ ಮೂಲಕ ಸಾಗಿ ಇಂದಿಗೂ ‘ಎಚ್‌ಜಿ’ ಎಂಬ ರಾಸಾಯನಿಕ ಸಂಕೇತದಲ್ಲಿ ಉಳಿದಿದೆ.